ಕೇಳಿದಾಗ ಬೇಯುವ ಇಡ್ಲಿ

ಮಕ್ಕಳೇ, ತುಮಕೂರಿನ ಬಸ್ ನಿಲ್ದಾಣದ ಹತ್ತಿರ ಒಂದು ತಟ್ಟೆ ಇಡ್ಲಿ ಹೋಟೆಲು ಇದೆ ಎಂದುಕೊಳ್ಳಿ. ಗಿರಾಕಿ ಕೇಳಿದ ಮೇಲೆಯೇ ಅಲ್ಲಿ ಹಿಟ್ಟು ಹುಯ್ಯುತ್ತಾರೆ. ಒಂದು ಇಡ್ಲಿಯೂ ದಂಡವಾಗುವುದಿಲ್ಲ.

ಹ್ಯಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಯ ಸ್ವಭಾವವೂ ಹೀಗೆಯೇ. 1990ರಲ್ಲಿ ಹೊರಬಂದ ಈ ಭಾಷೆಗೆ ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರು. 'ಒಂದರಿಂದ ಕೊನೆಯೇ ಇಲ್ಲದಷ್ಟು ಸಂಖ್ಯೆಗಳು' ಎಂದು ಬರೆದರೂ ಇದಕ್ಕೆ ಗಾಬರಿಯಿಲ್ಲ. ಮೊದಲ ಐದು ಸಾಕು ಎಂದರೆ ಐದನ್ನೇ ಕೊಟ್ಟು ಸುಮ್ಮನಾಗುತ್ತದೆ!

ಆದರೆ ಸೋಮಾರಿತನಕ್ಕೆ ಬೆಲೆಯೂ ಉಂಟು. ಒಂದರಿಂದ ಒಂದು ಕೋಟಿವರೆಗೆ ಕೂಡಲು ಹೇಳಿದರೆ, ಪ್ರತಿ ಸಲವೂ 'ಆಮೇಲೆ ಕೂಡಿದರಾಯಿತು' ಎಂದು ಚೀಟಿ ಬರೆದಿಡುವುದುಂಟು. ಚೀಟಿಗಳು ಗುಡ್ಡೆಯಾಗಿ ಕಂಪ್ಯೂಟರಿನ ಮೆಮೊರಿ ತುಂಬಿ, ಕೆಲಸವೇ ನಿಂತುಹೋಗಬಹುದು.

ಆಗ ನೆರವಿಗೆ ಬರುವುದು ಕಂಪೈಲರ್. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ ಅದು. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಜಿ.ಎಚ್.ಸಿ. ಎಂಬ ಕಂಪೈಲರಿಗೆ 'ವೇಗ ಹೆಚ್ಚಿಸು' ಎಂದು ಹೇಳಿದರೆ, ಯಾವ ಉತ್ತರ ಖಂಡಿತ ಬೇಕಾಗುತ್ತದೆಂದು ಮೊದಲೇ ಹುಡುಕಿ, ಅದನ್ನು ಕೂಡಲೇ ಲೆಕ್ಕ ಮಾಡಿಸುತ್ತದೆ. ಬೆಳಗ್ಗೆ ಗುಬ್ಬಿ, ಕುಣಿಗಲ್ ಬಸ್ಸಿನವರು ಬಂದೇ ಬರುತ್ತಾರೆಂದು ಭಟ್ಟರು ಮುಂಚೆಯೇ ಇಡ್ಲಿ ಬೇಯಿಸಿಟ್ಟ ಹಾಗೆ.

ಎಲ್ಲವನ್ನೂ ಕಂಪೈಲರ್ ಊಹಿಸಲಾರದು. ಅಂಥ ಕಡೆ ಬರೆಯುವವರೇ '!' ಗುರುತು ಹಾಕಿ 'ಈಗಲೇ ಮಾಡು' ಎನ್ನುತ್ತಾರೆ.

ಅಜ್ಜ-ಅಜ್ಜಿಯರೇ, ಮನೆಗೆಲಸದಲ್ಲಿ ಕೇಳಿದಾಗ ಮಾಡಿದರೆ ಸಾಕಾದದ್ದು ಯಾವುದು, ಆಗಿಂದಾಗಲೇ ಮುಗಿಸಬೇಕಾದದ್ದು ಯಾವುದು? ಮೊಮ್ಮಕ್ಕಳ ಜೊತೆ ಕೂತು ಪಟ್ಟಿ ಮಾಡಿ. ಹೋಮ್‌ವರ್ಕ್ ಮುಂದೆ '!' ಹಾಕುವುದನ್ನು ಮರೆಯಬೇಡಿ.