ಮರಳಿ ಬಾರದ ಪೈಲಟ್‌ಗಳ ಲೆಕ್ಕ ಕೊಡಿ!

ಕೊಡಗಿನ ಬಂಧುಗಳೇ, ನಿವೃತ್ತ ಯೋಧರೇ, ಕಾಲೇಜಿನ ಗೆಳೆಯ ಗೆಳತಿಯರೇ,

ನಿಂತು ಓದಿ. ಬಸ್ಸು ಬಂತೆಂದರೆ ಕಿಸೆಯಲ್ಲಿಟ್ಟುಕೊಂಡು ಹೋಗಿ, ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ.

1965ರ ಸೆಪ್ಟೆಂಬರ್. ಊರಿನಲ್ಲಿ ಕೈಲ್ ಮುಹೂರ್ತ ಮುಗಿದು ನಾಲ್ಕು ದಿನವಾಗಿತ್ತು. 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ನಮ್ಮ ವಾಯುಪಡೆಯ ಮಿಸ್ಟೀರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಆ ತಂಡದ ಮುಖ್ಯ ಪಟ್ಟಿಯಲ್ಲಿ ಇರಲಿಲ್ಲ. ಯಾರಿಗಾದರೂ ತೊಂದರೆಯಾದರೆ ಇರಲಿ ಎಂದು ಇಟ್ಟುಕೊಂಡಿದ್ದ ಪೈಲಟ್ ಅವರು. ಆದರೂ ಹೋದರು. ಉಳಿದವರು ಬಂದಿಳಿದರು, ದೇವಯ್ಯ ಬರಲಿಲ್ಲ. ಅವರ ವಿಮಾನ ಎಲ್ಲಿ ಬಿತ್ತು, ಹೇಗೆ ಬಿತ್ತು ಎಂದು ಹೇಳುವವರೇ ಇರಲಿಲ್ಲ. ‘ಕಾಣೆ’ ಎಂದು ಬರೆದು ಕಡತ ಮುಚ್ಚಲಾಯಿತು.

ಅದೇ ತಿಂಗಳ 22, ಕದನವಿರಾಮಕ್ಕೆ ಹಿಂದಿನ ದಿನ. ಹಂಟರ್ ವಿಮಾನದಲ್ಲಿದ್ದ ಇನ್ನೊಬ್ಬ ಕೊಡಗಿನ ಪೈಲಟ್ ಕೆ.ಸಿ. ಕಾರ್ಯಪ್ಪ ಅವರನ್ನು ಪಾಕಿಸ್ತಾನದವರು ಹೊಡೆದುರುಳಿಸಿ ಸೆರೆಹಿಡಿದರು. ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ ಎಂದು ತಿಳಿದದ್ದೇ ತಡ, ರೇಡಿಯೋ ಪಾಕಿಸ್ತಾನ ಸುದ್ದಿ ಬಿತ್ತರಿಸಿತು. ಒಂದು ಕಾಲಕ್ಕೆ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ ಅಧ್ಯಕ್ಷ ಅಯೂಬ್ ಖಾನ್ ಹುಡುಗನ ಕ್ಷೇಮಸಮಾಚಾರ ಹೇಳಿ ಕಳಿಸಿದರು. ಮಡಿಕೇರಿಯಲ್ಲಿದ್ದ ಕಾರ್ಯಪ್ಪನವರು ಕೊಟ್ಟ ಉತ್ತರ ನಿಮಗೆಲ್ಲ ಗೊತ್ತೇ ಇದೆ: ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ನನ್ನ ಮಗನಿಗೆಂದು ಬೇರೆ ಉಪಚಾರ ಬೇಡ. ಮುಂದಿನ ಜನವರಿಯಲ್ಲಿ ಮಗ ಮನೆಗೆ ಬಂದರು.

ಒಂದೇ ಜಿಲ್ಲೆಯ ಇಬ್ಬರು, ಒಂದೇ ಯುದ್ಧ, ನಡುವೆ ಹದಿನೈದು ದಿನ. ಒಬ್ಬರ ಹೆಸರು ರೇಡಿಯೋದಲ್ಲಿ ಬಂತು, ಅವರು ಬಂದರು. ಇನ್ನೊಬ್ಬರ ಹೆಸರನ್ನು ಆ ಕಡೆಯವರು ಎತ್ತಲಿಲ್ಲ, ಈ ಕಡೆಯವರು ಕೇಳಲಿಲ್ಲ.

ದೇವಯ್ಯನವರಿಗೆ ಏನಾಯಿತೆಂದು ನಮಗೆ ತಿಳಿದದ್ದು ಯಾರಿಂದ? ನಮ್ಮ ರಕ್ಷಣಾ ಇಲಾಖೆಯಿಂದ ಅಲ್ಲ. ಬ್ರಿಟಿಷ್ ಬರಹಗಾರ ಜಾನ್ ಫ್ರಿಕರ್ ಪಾಕಿಸ್ತಾನಿ ವಾಯುಪಡೆಯ ಸಾಹಸ ಹೊಗಳಿ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಗುಂಡೇಟು ತಿಂದ ಹಳೆಯ ಮಿಸ್ಟೀರ್ ವಿಮಾನವೊಂದು ಓಡಿಹೋಗದೆ ತಿರುಗಿ ನಿಂತು, ಅದರ ದುಪ್ಪಟ್ಟು ವೇಗದ ಸ್ಟಾರ್‌ಫೈಟರ್ ಅನ್ನು ಉರುಳಿಸಿದ ಕಥೆ ಅದರಲ್ಲಿತ್ತು. ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿಕೊಂಡಿದ್ದರು. ಮಿಸ್ಟೀರ್‌ನಲ್ಲಿದ್ದವರು ಯಾರೆಂದು ನಮ್ಮವರು ತಾಳೆ ನೋಡಿದಾಗ ಉಳಿದದ್ದು ಒಂದೇ ಹೆಸರು. ಅಲ್ಲಿನ ಹಳ್ಳಿಯವರೇ ಅವರ ದೇಹವನ್ನು ಮಣ್ಣು ಮಾಡಿದ್ದರೆಂಬುದೂ ಆಮೇಲೆ ತಿಳಿಯಿತು. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ, ಅಂದರೆ 23 ವರ್ಷಗಳ ನಂತರ. ಈಗ ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. 2025ರಲ್ಲಿ ಹಿಂದಿ ಸಿನಿಮಾವೂ ಬಂತು, ಅದರಲ್ಲಿ ಪಾತ್ರಕ್ಕೆ ಅವರ ಹೆಸರಿಟ್ಟಿಲ್ಲ, ಆ ಮಾತು ಬೇರೆ. ನಾವು ಕೇಳುತ್ತಿರುವುದು ಇಷ್ಟೇ: ಆ ಬ್ರಿಟಿಷ್ ಲೇಖಕ ಪುಸ್ತಕ ಬರೆಯದೇ ಹೋಗಿದ್ದರೆ?

ಬರೆಯುವವರು ಯಾರೂ ಸಿಗದೆ ಉಳಿದವರ ವಿಷಯಕ್ಕೆ ಬರೋಣ.

1971ರ ಡಿಸೆಂಬರ್ ಯುದ್ಧ. ಢಾಕಾದಲ್ಲಿ ಶರಣಾದ ಸುಮಾರು 93,000 ಜನ ನಮ್ಮ ಕೈಯಲ್ಲಿದ್ದರು. ನಮ್ಮವರು ಆರುನೂರು ಚಿಲ್ಲರೆ ಮಂದಿ ಅವರ ಕೈಯಲ್ಲಿದ್ದರು. ಅವರಲ್ಲಿ ಹನ್ನೆರಡು ಮಂದಿ ವಾಯುಪಡೆಯವರು ರಾವಲ್ಪಿಂಡಿಯ ಕ್ಯಾಂಪಿನಲ್ಲಿದ್ದರು. ಒಬ್ಬರು ಜೆ.ಎಲ್. ಭಾರ್ಗವ, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಮಾರುತ್ ವಿಮಾನದ ಪೈಲಟ್. ವಿಮಾನಕ್ಕೆ ಗುಂಡು ತಗುಲಿದಾಗ ಸಿಂಧ್ ಮರುಭೂಮಿಯಲ್ಲಿ ಪ್ಯಾರಾಚೂಟ್‌ನಲ್ಲಿ ಇಳಿದರು. ಮರಳಿನಲ್ಲಿ ಗಂಟೆಗಟ್ಟಲೆ ನಡೆದು, ಎದುರಾದ ಹಳ್ಳಿಗರಿಗೆ ತಾನು ಪಾಕಿಸ್ತಾನಿ ಪೈಲಟ್ ಮನ್ಸೂರ್ ಅಲಿ ಖಾನ್ ಎಂದು ಹೇಳಿದರು. ನಂಬಿದ ಜನ ನೀರು ಕೊಟ್ಟರು. ಕೊನೆಗೆ ಗಡಿ ಕಾವಲಿನವರು ಬಂದು ‘ಕಲ್ಮಾ ಹೇಳು’ ಎಂದಾಗ ಬಾಯಿ ಕಟ್ಟಿತು. ಸಿಕ್ಕಿಬಿದ್ದರು, ಆದರೆ ಪಟ್ಟಿಗೆ ಸೇರಿದರು, 1972ರ ಡಿಸೆಂಬರ್ 1ರಂದು ವಾಘಾ ದಾಟಿ ಬಂದರು. ಅದೇ ಕ್ಯಾಂಪಿನ ಪಾರುಳ್ಕರ್, ಗ್ರೆವಾಲ್, ಹರೀಶ್ ಸಿನ್ಹಜಿ ಗೋಡೆಗೆ ಕನ್ನ ಕೊರೆದು ಪರಾರಿಯಾಗಿ ಅಫ್ಘಾನಿಸ್ತಾನದ ಗಡಿಯ ಹತ್ತಿರ ಸಿಕ್ಕಿಬಿದ್ದಿದ್ದರು. ಅವರೂ ಬಂದರು.

ಪಟ್ಟಿಯಲ್ಲಿದ್ದವರು ಬಂದರು. ಪಟ್ಟಿಗೆ ಸೇರದವರನ್ನು ನಮ್ಮ ದೇಶ ‘ಕಾಣೆಯಾದ 54 ಮಂದಿ’ ಎಂದು ಕರೆಯುತ್ತದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ವಾಯುಪಡೆಯವರು.

ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ್ ತಾಂಬೆ ಅವರಲ್ಲೊಬ್ಬರು. 1971ರ ಡಿಸೆಂಬರ್ 5ರ ‘ಸಂಡೇ ಪಾಕಿಸ್ತಾನ್ ಅಬ್ಸರ್ವರ್’ ಪತ್ರಿಕೆ ಐವರು ಭಾರತೀಯ ಪೈಲಟ್‌ಗಳು ಜೀವಂತ ಸೆರೆಸಿಕ್ಕರೆಂದು ಬರೆದು ತಾಂಬೆಯವರ ಹೆಸರನ್ನೂ ಅಚ್ಚುಹಾಕಿತು. ಅಕ್ಷರ ಸ್ವಲ್ಪ ಆಚೀಚೆ, ಅಷ್ಟೇ. ಅವರ ಪತ್ನಿ ದಮಯಂತಿ ತಾಂಬೆ ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಮತ್ತೆ ಮದುವೆಯಾಗಲಿಲ್ಲ. ದೆಹಲಿಯ ಕಚೇರಿಗಳ ಮೆಟ್ಟಿಲು ಸವೆಸುತ್ತಲೇ ಅವರ ಆಯಸ್ಸು ಕಳೆಯಿತು.

ಮೇಜರ್ ಅಶೋಕ್ ಸೂರಿ ಪೈಲಟ್ ಅಲ್ಲ, ಭೂಸೇನೆಯವರು. ಅವರ ಕಥೆ ಹೇಳದಿದ್ದರೆ ಈ ಕರಪತ್ರಕ್ಕೆ ಅರ್ಥವಿಲ್ಲ. ಯುದ್ಧದಲ್ಲಿ ಮಡಿದರೆಂದು ಸೇನೆ ತಂದೆಗೆ ತಿಳಿಸಿತ್ತು. 1974ರ ಡಿಸೆಂಬರ್‌ನಲ್ಲಿ, ಯುದ್ಧ ಮುಗಿದು ಮೂರು ವರ್ಷದ ಮೇಲೆ, ಮಗನ ಕೈಬರಹದ ಚೀಟಿ ಬಂತು. ಮರುವರ್ಷ ಕರಾಚಿಯಿಂದ ಇನ್ನೊಂದು: ನಾವಿಲ್ಲಿ ಇಪ್ಪತ್ತು ಮಂದಿ ಅಧಿಕಾರಿಗಳಿದ್ದೇವೆ, ಸರ್ಕಾರವನ್ನು ಕೇಳಿ ಎಂಬ ಅರ್ಥದ ಮಾತು. ರಕ್ಷಣಾ ಇಲಾಖೆ ಕೈಬರಹ ಪರೀಕ್ಷಿಸಿತು, ಅವರದ್ದೇ ಎಂದು ಒಪ್ಪಿತು, ಕಡತದಲ್ಲಿ ‘ಮಡಿದರು’ ಎಂಬುದನ್ನು ತಿದ್ದಿ ‘ಕಾಣೆ’ ಎಂದು ಬರೆಯಿತು. ಆಮೇಲೆ? ತಿದ್ದಿದ್ದೇ ಸಾಧನೆ. ತಂದೆ ಬದುಕಿರುವಷ್ಟು ದಿನ ಅಲೆದು ತೀರಿಕೊಂಡರು.

ಇನ್ನೂ ಸುಳಿವುಗಳಿವೆ. ‘ಟೈಮ್’ ಪತ್ರಿಕೆಯ 1971ರ ಡಿಸೆಂಬರ್ 27ರ ಸಂಚಿಕೆಯಲ್ಲಿ ಕಂಬಿಯ ಹಿಂದಿರುವ ಕೈದಿಯ ಚಿತ್ರವಿತ್ತು. ಕಾಣೆಯಾದ ಮೇಜರ್ ಎ.ಕೆ. ಘೋಷ್ ಅವರ ಮನೆಯವರು ಅವರ ಗುರುತು ಹಿಡಿದರು. ಪಾಕಿಸ್ತಾನದ ಪ್ರಧಾನಿಯಾಗಿದ್ದ ಭುಟ್ಟೋ ಕುರಿತ ವಿಕ್ಟೋರಿಯಾ ಶೋಫೀಲ್ಡ್ ಅವರ ಪುಸ್ತಕದಲ್ಲಿ, ಭುಟ್ಟೋ ಸೆರೆಯಲ್ಲಿದ್ದ ಲಾಹೋರಿನ ಕೋಟ್ ಲಖ್‌ಪತ್ ಜೈಲಿನ ಪಕ್ಕದ ವಿಭಾಗದಿಂದ ರಾತ್ರಿಯಿಡೀ ಕೇಳುತ್ತಿದ್ದ ಚೀತ್ಕಾರದ ಪ್ರಸ್ತಾಪವಿದೆ. ಅಲ್ಲಿದ್ದವರು 1971ರ ಯುದ್ಧದ ಭಾರತೀಯ ಕೈದಿಗಳೆಂಬ ಮಾತೂ ಇದೆ. ಪಾಕಿಸ್ತಾನದ ಜೈಲಿನಿಂದ ಬಿಡುಗಡೆಯಾಗಿ ಬಂದ ನಮ್ಮ ಗೂಢಚಾರ ಮೋಹನಲಾಲ್ ಭಾಸ್ಕರ್ ಅಟಕ್ ಕೋಟೆಯಲ್ಲಿ ಕಾಣೆಯಾದ ವಿಂಗ್ ಕಮಾಂಡರ್ ಗಿಲ್ ಅವರಂಥವರು ಇದ್ದಾರೆಂದು ಕೇಳಿದ್ದಾಗಿ ಬರೆದರು. ಇವೆಲ್ಲ ಕೋರ್ಟಿನಲ್ಲಿ ನಿಲ್ಲುವ ಸಾಕ್ಷ್ಯವೇ? ಒಂದೊಂದನ್ನೂ ಪ್ರಶ್ನಿಸಬಹುದು. ವಾಟ್ಸಾಪಿನಲ್ಲಿ ಬರುವ ಇನ್ನಷ್ಟು ಕಥೆಗಳನ್ನು ನಾವೇ ನಂಬುವುದಿಲ್ಲ. ಆದರೆ ಸುಳಿವನ್ನು ಬೆನ್ನತ್ತಿ ಸುಳ್ಳೋ ನಿಜವೋ ತೀರ್ಮಾನಿಸುವುದು ಯಾರ ಕೆಲಸ? ಬ್ಯಾಡ್ಮಿಂಟನ್ ಆಟಗಾರ್ತಿಯದೇ? ಮುದಿ ತಂದೆಯದೇ?

ಸರ್ಕಾರಗಳು ಮಾಡಿದ್ದನ್ನೂ ಹೇಳಿಬಿಡೋಣ. 1979ರಲ್ಲಿ ಲೋಕಸಭೆಯಲ್ಲಿ ಮಂತ್ರಿ ಸಮರೇಂದ್ರ ಕುಂಡು ನಲವತ್ತು ಹೆಸರುಗಳ ಪಟ್ಟಿ ಕೊಟ್ಟರು. 1983ರಲ್ಲಿ ಮನೆಯವರ ಒಂದು ತಂಡ ಮುಲ್ತಾನ್ ಜೈಲಿಗೆ ಹೋಗಿ ಬರಿಗೈಲಿ ಬಂತು. 2007ರಲ್ಲಿ 14 ಮಂದಿ ಮತ್ತೆ ಹೋಗಿ ಪಾಕಿಸ್ತಾನದ ಜೈಲುಗಳನ್ನು ಸುತ್ತಿ ಮತ್ತೆ ಬರಿಗೈಲಿ ಬಂದರು. ಅದೇ ವರ್ಷ ಎರಡೂ ದೇಶಗಳ ನಿವೃತ್ತ ನ್ಯಾಯಾಧೀಶರ ಸಮಿತಿಯಾಯಿತು, ಅದು ಕೊನೆಯದಾಗಿ ಕೂತದ್ದು 2013ರಲ್ಲಿ. ಜನವರಿ 1 ಮತ್ತು ಜುಲೈ 1ರಂದು ಎರಡೂ ದೇಶ ಕೈದಿಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಮೀನುಗಾರರ ಹೆಸರಿರುತ್ತದೆ, ಇವರದ್ದಿರುವುದಿಲ್ಲ. ನಮ್ಮಲ್ಲಿ ಯಾರೂ ಇಲ್ಲ ಎಂಬ ಪಾಕಿಸ್ತಾನದ ಒಂದೇ ಉತ್ತರ ಬದಲಾಗಿಲ್ಲ.

ಗುಜರಾತ್ ಹೈಕೋರ್ಟ್ 2011ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ಎಂದು ಕೇಂದ್ರಕ್ಕೆ ಹೇಳಿತು. ಕೇಂದ್ರ ಹೋದದ್ದು ಆ ಆದೇಶಕ್ಕೆ ತಡೆ ಕೋರಿ ಸುಪ್ರೀಂ ಕೋರ್ಟಿಗೆ. 2015ರಲ್ಲಿ ಅದೇ ಸುಪ್ರೀಂ ಕೋರ್ಟಿನಲ್ಲಿ, ಅವರು ಬದುಕಿಲ್ಲವೆಂದೇ ಭಾವಿಸಿದ್ದೇವೆ ಎಂಬರ್ಥದ ಮಾತು ಸರ್ಕಾರದ ಕಡೆಯಿಂದ ಬಂತು. ಕೆಲವೇ ವರ್ಷದಲ್ಲಿ, ಈ 54 ಮಂದಿ ಸೇರಿ 83 ಯೋಧರು ಪಾಕಿಸ್ತಾನದ ವಶದಲ್ಲಿದ್ದಾರೆಂದು ನಂಬಿದ್ದೇವೆ ಎಂಬ ಉತ್ತರ ಸಂಸತ್ತಿಗೆ ಹೋಯಿತು. ಕೋರ್ಟಿನಲ್ಲಿ ಸತ್ತವರು ಸಂಸತ್ತಿನಲ್ಲಿ ಬದುಕಿದ್ದಾರೆ! ಪಕ್ಷ ಯಾವುದೆಂದು ಕೇಳಬೇಡಿ, ಈ ಐವತ್ತು ವರ್ಷದಲ್ಲಿ ದೆಹಲಿಯಲ್ಲಿ ಎಲ್ಲರೂ ಕೂತೆದ್ದಿದ್ದಾರೆ.

ಜಿನೀವಾ ಒಪ್ಪಂದಕ್ಕೆ ಎರಡೂ ದೇಶ ಸಹಿ ಹಾಕಿವೆ. ಕಾದಾಟ ನಿಂತ ಮೇಲೆ ತಡಮಾಡದೆ ಕೈದಿಗಳನ್ನು ಕಳಿಸಬೇಕು, ಸತ್ತರೆ ಗೌರವದಿಂದ ಮಣ್ಣು ಮಾಡಿ ಗೋರಿಯ ದಾಖಲೆ ಇಡಬೇಕು ಎನ್ನುತ್ತದೆ ಅದು. ನಾವು ನಮ್ಮ ಪಾಲು ಮಾಡಿದ್ದೇವೆ. 93,000 ಜನರಲ್ಲಿ ಕಟ್ಟಕಡೆಯವರಾಗಿ ಜನರಲ್ ನಿಯಾಝಿ 1974ರ ಏಪ್ರಿಲ್ 30ರಂದು ವಾಘಾ ದಾಟಿ ಹೋದರು. ಅಷ್ಟೊಂದು ಜನ ನಮ್ಮ ಕೈಯಲ್ಲಿದ್ದಾಗ ನಮ್ಮ ಐವತ್ತು ಹೆಸರಿಗೆ ಗಟ್ಟಿಯಾಗಿ ಉತ್ತರ ಕೇಳಲಿಲ್ಲವೇಕೆ? ಈ ಪ್ರಶ್ನೆ ಇಸ್ಲಾಮಾಬಾದಿಗಲ್ಲ, ದೆಹಲಿಗೆ.

“ಐವತ್ತು ವರ್ಷದ ಮಾತು, ಈಗೇನು ಮಾಡಕ್ಕಾಗುತ್ತೆ ಸ್ವಾಮಿ?” ಎನ್ನುವವರು ಇದನ್ನು ಕೇಳಿ. 1968ರ ಫೆಬ್ರವರಿಯಲ್ಲಿ 102 ಜನರೊಂದಿಗೆ ರೋಹ್ಟಾಂಗ್ ಬಳಿ ಕಣ್ಮರೆಯಾದ ನಮ್ಮ ವಾಯುಪಡೆಯ ಎಎನ್-12 ವಿಮಾನದ ನಾಲ್ವರ ದೇಹಗಳು 2024ರಲ್ಲಿ ಹಿಮದಡಿ ಸಿಕ್ಕವು, ಅವರವರ ಊರಿಗೆ ಹೋದವು. ಎರಡನೆಯ ಮಹಾಯುದ್ಧದಲ್ಲಿ ಅರುಣಾಚಲದ ಬೆಟ್ಟಗಳಲ್ಲಿ ಬಿದ್ದ ತನ್ನ ವಿಮಾನದವರನ್ನು ಹುಡುಕಲು ಅಮೆರಿಕ ತಂಡ ಕಳಿಸಿತು. ಅಗೆದು ತೆಗೆದ ಮೂಳೆಗಳನ್ನು ನಮ್ಮ ಸರ್ಕಾರ 2016ರಲ್ಲಿ ದೆಹಲಿಯಿಂದ ಗೌರವದಿಂದ ಬೀಳ್ಕೊಟ್ಟಿತು. ಪರದೇಶದ ಪೈಲಟ್‌ನ ಮೂಳೆಗೆ ನಮ್ಮ ನೆಲದಲ್ಲಿ ಅಷ್ಟು ಮರ್ಯಾದೆ ಕೊಡಬಲ್ಲೆವು. ನಮ್ಮವರ ಮೂಳೆ ಕೇಳಲು ಬಾಯಿ ಬರುವುದಿಲ್ಲ.

ಇತ್ತೀಚಿನದ್ದನ್ನೂ ನೋಡಿ. ಕಾರ್ಗಿಲ್‌ನಲ್ಲಿ ಸೆರೆಸಿಕ್ಕ ಪೈಲಟ್ ನಚಿಕೇತ ಎಂಟನೆಯ ದಿನಕ್ಕೆ ಬಂದರು. 2019ರ ಫೆಬ್ರವರಿ 27ರಂದು ಸಿಕ್ಕ ಪೈಲಟ್ ಅಭಿನಂದನ್ ಮಾರ್ಚ್ 1ರ ರಾತ್ರಿಯೇ ವಾಘಾದಲ್ಲಿದ್ದರು. ಇಡೀ ಜಗತ್ತು ಅವರು ಸೆರೆಯಲ್ಲಿದ್ದ ವಿಡಿಯೋ ನೋಡಿತ್ತು, ಹೆಸರು ಎಲ್ಲರ ಬಾಯಲ್ಲಿತ್ತು. ತಾಂಬೆಯವರ ಹೆಸರು ನಮ್ಮ ಬಾಯಲ್ಲಿ ಯಾವತ್ತು ಬಂದಿದೆ?

ಒಂದು ಮಾತು ಸ್ಪಷ್ಟವಾಗಲಿ. ಅವರೆಲ್ಲ ಬದುಕಿದ್ದಾರೆಂದು ನಾವು ಆಸೆ ಹುಟ್ಟಿಸುತ್ತಿಲ್ಲ. ಅಂದು ಇಪ್ಪತ್ತೈದು ವರ್ಷವಾಗಿದ್ದವರಿಗೂ ಈಗ ಎಂಬತ್ತರ ಹತ್ತಿರ. ಯುದ್ಧವೂ ಬೇಡ, ಯಾರನ್ನೂ ಬೈಯುವುದೂ ಬೇಡ. ದೇವಯ್ಯನವರನ್ನು ಮಣ್ಣು ಮಾಡಿದವರು ಆ ಕಡೆಯ ರೈತರೇ. ನಮ್ಮ ಕಡೆ ಸತ್ತವರಿಗೆ ಎಡೆ ಇಡುತ್ತೇವೆ, ತಿಥಿ ಮಾಡುತ್ತೇವೆ. ಇದ್ದಾನೋ ಇಲ್ಲವೋ ಗೊತ್ತಿಲ್ಲದವನಿಗೆ ಏನು ಮಾಡಬೇಕೆಂದು ಯಾವ ಪುರೋಹಿತರೂ ಹೇಳಲಾರರು. ಆ ಮನೆಗಳಿಗೆ ಒಂದು ಉತ್ತರ ಬೇಕು.

ಹಾಗಾದರೆ ಬೇಕಾದದ್ದೇನು? ಪ್ರತಿ ಹೆಸರಿಗೂ ಒಂದು ಬಹಿರಂಗ ವರದಿ: ವಿಮಾನ ಕೊನೆಗೆ ಕಂಡದ್ದೆಲ್ಲಿ, ಜೊತೆಗೆ ಹಾರಿದವರು ಏನು ಹೇಳಿದರು, ಯಾವ ಸುಳಿವು ಯಾವ ವರ್ಷ ಬಂತು, ಅದರ ಮೇಲೆ ಏನು ಕ್ರಮವಾಯಿತು. ವಿಮಾನ ಬಿದ್ದ ಜಾಗ ಮತ್ತು ಗೋರಿಗಳ ದಾಖಲೆಯನ್ನು ರೆಡ್‌ಕ್ರಾಸ್ ಮುಖಾಂತರ ಪಾಕಿಸ್ತಾನದಿಂದ ಕೇಳಬೇಕು. ಎರಡೂ ದೇಶದ ನ್ಯಾಯಾಧೀಶರ ಸಮಿತಿ ಮತ್ತೆ ಕೂರಬೇಕು. ಎಲ್ಲಕ್ಕಿಂತ ಅವಸರದ್ದು ಡಿಎನ್ಎ. ಇವರ ತಾಯಂದಿರು ಬಹುಪಾಲು ತೀರಿಹೋಗಿದ್ದಾರೆ, ಅಣ್ಣತಮ್ಮಂದಿರು ಅಕ್ಕತಂಗಿಯರು ಇಳಿವಯಸ್ಸಿನಲ್ಲಿದ್ದಾರೆ. ಅವರ ರಕ್ತದ ಮಾದರಿಯನ್ನು ಈಗಲೇ ತೆಗೆದಿಡದಿದ್ದರೆ ನಾಳೆ ಮೂಳೆ ಸಿಕ್ಕರೂ ಯಾರದ್ದೆಂದು ಹೇಳಲು ಕಷ್ಟ. ಇದಕ್ಕೆ ಪಾಕಿಸ್ತಾನದ ಒಪ್ಪಿಗೆ ಬೇಕಿಲ್ಲ, ಒಂದು ಸಿರಿಂಜು ಸಾಕು.

ನೀವು ಮಾಡಬೇಕಾದದ್ದು ಹೆಚ್ಚೇನಿಲ್ಲ. ಅಂಚೆ ಕಚೇರಿಯಲ್ಲಿ ಒಂದು ಕಾರ್ಡು ಕೊಂಡು ನಿಮ್ಮ ಕ್ಷೇತ್ರದ ಸಂಸದರಿಗೆ ಬರೆಯಿರಿ. ವಿಳಾಸ: ಸಂಸತ್ ಭವನ, ನವದೆಹಲಿ 110001. ಹೀಗೆ ಬರೆದರೆ ಸಾಕು:

“ಮಾನ್ಯರೇ, 1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾದ ನಮ್ಮ ಪೈಲಟ್‌ಗಳು ಮತ್ತು ಯೋಧರ ಬಗ್ಗೆ ಹೆಸರು ಹೆಸರಾಗಿ ಸರ್ಕಾರಕ್ಕೆ ತಿಳಿದಿರುವುದೇನು, ಅವರ ಮನೆಯವರ ಡಿಎನ್ಎ ಮಾದರಿ ಸಂಗ್ರಹಿಸಲಾಗಿದೆಯೇ ಎಂದು ಸದನದಲ್ಲಿ ಪ್ರಶ್ನೆ ಕೇಳಿ. ಸಿಕ್ಕ ಉತ್ತರವನ್ನು ನನಗೂ ತಿಳಿಸಿ. ನಿಮ್ಮ ಮತದಾರ.”

ಕೆಳಗೆ ಹೆಸರು, ಊರು. ಕಾಣೆಯಾದ ಒಬ್ಬರ ಹೆಸರನ್ನೂ ಸೇರಿಸಿ: ವಿಜಯ್ ತಾಂಬೆ, ಅಥವಾ ಮಿಸ್ತ್ರಿ, ಸಸೂನ್, ಮನೋಹರ್ ಪುರೋಹಿತ್, ಮುರಳೀಧರನ್, ಮಹೀಂದರ್ ಕುಮಾರ್ ಜೈನ್, ಸುಧೀರ್ ತ್ಯಾಗಿ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು ಇದನ್ನೇ ನಿರ್ಣಯವಾಗಿ ಬರೆಸಿ. ಪಿಡಿಒ ಇದು ಪಂಚಾಯಿತಿಯ ವಿಷಯವಲ್ಲ ಎಂದರೆ, ಯೋಧರನ್ನು ಕಳಿಸಿದ್ದು ನಮ್ಮ ಪಂಚಾಯಿತಿಯ ಮನೆಗಳೇ ಎನ್ನಿ. ಮಾಜಿ ಸೈನಿಕರ ಸಂಘಗಳವರು ತಮ್ಮ ಲೆಟರ್‌ಹೆಡ್‌ನಲ್ಲಿ ಪ್ರತ್ಯೇಕವಾಗಿ ಬರೆಯಲಿ, ಅವರ ಮಾತಿಗೆ ತೂಕ ಹೆಚ್ಚು. ಮೇಷ್ಟ್ರುಗಳು, ಟೀಚರ್‌ಗಳು ಸೆಪ್ಟೆಂಬರ್ 7ರಂದು ಪ್ರಾರ್ಥನೆಯ ಹೊತ್ತಿಗೆ ದೇವಯ್ಯನವರ ಕಥೆ ಹೇಳಿ, ಮಕ್ಕಳ ಕೈಯಲ್ಲೇ ಕಾರ್ಡು ಬರೆಸಲಿ.

ಬರೆದ ಕಾರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ. ಮೂರು ತಿಂಗಳಲ್ಲಿ ಉತ್ತರ ಬರದಿದ್ದರೆ ಇನ್ನೊಂದು ಬರೆಯಿರಿ. ಸಂಸದರು ಊರಿಗೆ ಬಂದಾಗ ಆ ಫೋಟೋ ತೋರಿಸಿ, ಎಲ್ಲರೆದುರು ಕೇಳಿ.

ಓದಿ ಮುಗಿಸಿದವರು ಇದನ್ನು ಪಕ್ಕದವರಿಗೆ ಕೊಡಿ. ಜೆರಾಕ್ಸ್ ಮಾಡಿ ಹಂಚಲು ಯಾರ ಅಪ್ಪಣೆಯೂ ಬೇಡ.

ಕಾಣೆಯಾದ ಯೋಧರ ಮನೆಯವರ ಜೊತೆ ನಿಂತವರು
ಮಡಿಕೇರಿ