ತದಡಿಯ ಇಳಿತಕ್ಕೆ ಬಂದು ನೋಡಿ

ಅಘನಾಶಿನಿ ಹೊಳೆಯ ನೀರು ಸಮುದ್ರ ಸೇರಿ ಪೋಲಾಗುತ್ತಿದೆ ಎನ್ನುವವರು ಒಮ್ಮೆ ಕುಮಟಾ ತಾಲ್ಲೂಕಿನ ತದಡಿಗೆ ಬರಲಿ. ಬಂದರಿನಲ್ಲಿ ಫೋಟೊ ತೆಗೆಸಿಕೊಂಡು ಹೋಗಲಿಕ್ಕಲ್ಲ. ಇಳಿತದ ಹೊತ್ತು ನೋಡಿ ಬಂದು ಹೊಳೆಗಿಳಿಯಲಿ. ಸೀರೆ ಎತ್ತಿಕಟ್ಟಿದ ಹೆಂಗಸರು ಸೊಂಟಮಟ್ಟ ನೀರಿನಲ್ಲಿ ನಿಂತು, ಕಾಲಿನಿಂದ ಕೆಸರು ತಡವಿ, ಬಗ್ಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ದೋಣಿ ಬೇಡ, ಬಲೆ ಬೇಡ, ಸಾಲ ಬೇಡ. ಸಂಜೆಯ ಸಾರಿಗೂ ಮಕ್ಕಳ ಫೀಸಿಗೂ ಅದೇ ದಾರಿ. ಸರ್ಕಾರದವರೇ, ಈ ದುಡಿಮೆಯ ಲೆಕ್ಕ ನಿಮ್ಮ ಯಾವ ಯೋಜನಾ ವರದಿಯಲ್ಲಿದೆ?

ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟು ಕಾಣದೆ ಕಡಲಿಗೆ ಬರುವ ಹೊಳೆ ಇದು. ಘಟ್ಟದ ಸಿಹಿನೀರು, ಭರತದ ಉಪ್ಪುನೀರು ಹದವಾಗಿ ಬೆರೆತರೆ ಮಾತ್ರ ಬಳಚು, ಶೆಟ್ಲಿ ಸೀಗಡಿ, ಕಾಗಳಸೆ ಮೀನು. ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳ ಗಜನಿ ಬೇಸಾಯವೂ ಆ ಹದದ ಮೇಲೆಯೇ ನಿಂತದ್ದು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆನೀರು ಬಿಟ್ಟರೆ ಕೂಳೆ ಮೇಯಲು ಬರುವ ಮೀನು. ಚೀಲ ಗೊಬ್ಬರವಿಲ್ಲದೆ ಎರಡು ಫಸಲು.

ಇದಕ್ಕೆ ನೀವು ಮಾಡಿದ್ದೇನು? ಅನ್ನ ಕೊಡುವ ಗಜನಿಗೆ ಸೀಗಡಿ ಕೃಷಿಯ ಗುತ್ತಿಗೆ ನುಗ್ಗಿಸಿದಿರಿ. ರೋಗ ಬಿದ್ದಾಗ ಗುತ್ತಿಗೆದಾರ ಎದ್ದು ಹೋದ, ಒಡೆದ ಒಡ್ಡು ರೈತನ ಪಾಲಿಗೆ ಉಳಿಯಿತು. ಉಸುಕಿನಾಸೆಗೆ ಹೊಳೆಯ ತಳ ಬಗೆಯುವವರನ್ನು ಕಂಡೂ ಕಾಣದಂತಿದ್ದಿರಿ. 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ತರಲು ಹೊರಟಿರಿ. ಜನ ತಿರುಗಿಬಿದ್ದ ಮೇಲೆ ಕೈಬಿಟ್ಟಿರಿ. ಆಮೇಲೆ ದೊಡ್ಡ ಬಂದರು ಎಂದಿರಿ. ಈಗ ಹೊಳೆಯನ್ನೇ ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸುವ ನಕ್ಷೆ!

2024ರಲ್ಲಿ ಇದೇ ಅಳಿವೆಯ 4,801 ಹೆಕ್ಟೇರಿಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಕೆಳಗಡೆ ರಕ್ಷಣೆಯ ಪತ್ರ, ಮೇಲ್ಗಡೆ ನೀರು ಕಸಿಯುವ ಕಡತ: ಎರಡೂ ಸರ್ಕಾರದ ಮೇಜಿನ ಮೇಲೇ ಇವೆ. ನಾಚಿಕೆ ಬೇಡವೇ? ಸಿಹಿನೀರು ತಗ್ಗಿದರೆ ಉಪ್ಪು ಒಳನಾಡಿಗೆ ಏರುತ್ತದೆ. ಬಳಚು ಸಾಯುತ್ತದೆ, ದಡದ ಬಾವಿ ಕೆಡುತ್ತದೆ. ಮಾನ್ಯತೆಯ ಫಲಕ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ.

ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಅಲ್ಲಿನ ಕೆರೆಗಳ ಹೂಳೆತ್ತದೆ, ಒತ್ತುವರಿ ಬಿಡಿಸದೆ, ಒಬ್ಬರ ಅನ್ನ ಕಿತ್ತು ಇನ್ನೊಬ್ಬರಿಗೆ ನೀರಿನ ಆಸೆ ತೋರಿಸುವುದು ಟೆಂಡರಿನವರ ಧರ್ಮ, ಸರ್ಕಾರದ್ದಲ್ಲ. ನಕ್ಷೆ ಹಿಂದಕ್ಕೆ ತೆಗೆದುಕೊಳ್ಳಿ. ಉಸುಕಿನ ಕಳ್ಳರನ್ನು ಹಿಡಿಯಿರಿ. ಗಜನಿಯ ಒಡ್ಡು ಕಟ್ಟಿಸಿಕೊಡಿ. ಮತ್ತೆ ಹೊಳೆ ಅಳೆಯಲು ಬರುವುದಿದ್ದರೆ ಮೊದಲು ಹೊಳೆಸಾಲಿನ ಪ್ರತಿ ಗ್ರಾಮಸಭೆಯ ಒಪ್ಪಿಗೆ ತನ್ನಿ. ಸಿಗುವುದಿಲ್ಲ.