ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗೋದು ಬೇಡ

ಫೈನಲ್ ಇಯರ್ ಸೀನಿಯರ್‌ಗಳ ಬಾಯಲ್ಲಿ ಈಗ ಒಂದೇ ಮಾತು: ದುಬೈಗೆ ವಿಸಿಟ್ ವೀಸಾದಲ್ಲಿ ಹೋದ್ರೆ ಸಾಕು, ಕೆಲಸ ಅಲ್ಲೇ ಸಿಗುತ್ತೆ. ನಮಗಂತೂ ಇದು ಸರಿ ಅನ್ನಿಸಲ್ಲ.

ವೀಸಾ ಮಾಡಿಸೋದು ಕಷ್ಟ ಅಲ್ಲ. ಕನಿಷ್ಠ 6 ತಿಂಗಳು ಅವಧಿ ಇರೋ ಪಾಸ್‌ಪೋರ್ಟ್, ಫೋಟೊ, ವಾಪಸ್ ಟಿಕೆಟ್, ಉಳ್ಕೊಳ್ಳೋ ಜಾಗದ ದಾಖಲೆ. ಚಾಲ್ತಿಯಲ್ಲಿರೋ ಅಮೆರಿಕದ ವೀಸಾ ಇದ್ರೆ ಭಾರತೀಯರಿಗೆ ಅಲ್ಲಿ ಇಳಿದ ಮೇಲೇ ಕೊಡ್ತಾರೆ (ನಮ್ಮಲ್ಲಿ ಯಾರ ಹತ್ರ ಇದೆ, ಬಿಡಿ). ಸಾಮಾನ್ಯವಾಗಿ 30 ಅಥವಾ 60 ದಿನ. ಮೀರಿದ್ರೆ ದಿನಕ್ಕೆ 50 ದಿರ್ಹಮ್ ದಂಡ.

ಆದರೆ ಆ ವೀಸಾದಲ್ಲಿ ದುಡಿಯೋದು ಕಾನೂನಿಗೆ ವಿರುದ್ಧ. ಪರ್ಮಿಟ್ ಇಲ್ಲದವರನ್ನ ಕೆಲಸಕ್ಕೆ ಇಟ್ಕೊಂಡ ಕಂಪನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ ಅಂತ ಯುಎಇ 2024ರಲ್ಲಿ ಕಾನೂನು ತಂದಿದೆ. ದಂಡ ಕಂಪನಿಗೇ ಇರಬಹುದು, 'ಟ್ರಯಲ್' ಅಂತ ತಿಂಗಳು ದುಡಿಸ್ಕೊಂಡು ಸಂಬಳ ಕೊಡದೆ ಕಳಿಸಿದ್ರೆ ನಮ್ಮ ಕೈಯಲ್ಲಿ ತೋರಿಸೋಕೆ ಏನಿರುತ್ತೆ? ಏಜೆಂಟ್ ಇದನ್ನ ಹೇಳಲ್ಲ.

ಕೆಲಸ ಹುಡುಕೋರಿಗೆ ಅಂತಲೇ ಅಲ್ಲಿ ಬೇರೆ ವೀಸಾ ಇದೆ. ಇಂಟರ್‌ವ್ಯೂ ಮುಗಿಸಿ ಬನ್ನಿ, ತೊಂದರೆ ಇಲ್ಲ. ವರ್ಕ್ ಪರ್ಮಿಟ್ ಕೈಗೆ ಬರೋವರೆಗೆ ಒಂದು ದಿನವೂ ಡ್ಯೂಟಿಗೆ ಹೋಗ್ಬೇಡಿ. ನಮ್ಮ ಪ್ಲೇಸ್‌ಮೆಂಟ್ ಸೆಲ್ ಈ ವಿಷಯಕ್ಕೆ ಒಂದು ಗಂಟೆ ಕೊಟ್ರೂ ಸಾಕು, ಹಾಲ್ ನಾವೇ ಬುಕ್ ಮಾಡ್ತೀವಿ.